ಭಾಗ 4: ತುಕ್ಕಿನ ಮೇಲೆ ಯಾಕೆ ಕೇಸ್?

ಕಾಲಿಗೆ ಮೊಳೆ ಚುಚ್ಚಿದ್ರೆ ನಮ್ಮ ಪಂಚನಹಳ್ಳಿ ಕಡೆ ಮೊದಲ ಪ್ರಶ್ನೆ: "ತುಕ್ಕು ಹಿಡಿದಿತ್ತಾ?" ಇಲ್ಲ ಅಂದ್ರೆ ಅರಿಶಿನ ಒತ್ತಿ ಮುಗಿಸ್ತಾರೆ.

ಕೇಳ್ರಪ್ಪಾ, ಧನುರ್ವಾಯು ತರೋದು ತುಕ್ಕಲ್ಲ. ಕ್ಲಾಸ್ಟ್ರಿಡಿಯಂ ಟೆಟನಿ ಅನ್ನೋ ಕಡ್ಡಿ ಆಕಾರದ ಬ್ಯಾಕ್ಟೀರಿಯಾ. ಅದರ ಬೀಜಾಣು ಮಣ್ಣು, ಸಗಣಿ, ತಿಪ್ಪೆಯಲ್ಲಿ ವರ್ಷಗಟ್ಟಲೆ ಸಾಯದೆ ಕೂತಿರುತ್ತೆ. ತೋಟದಲ್ಲಿ ಬರಿಗಾಲಿಗೆ ಹೊಕ್ಕ ಜಾಲಿಮುಳ್ಳೂ ಸಾಕು. ಗಾಳಿಯಾಡದ ಆಳದ ಗಾಯದಲ್ಲಿ ಅದು ಬೆಳೆದು ವಿಷ ಬಿಡುತ್ತೆ. ದವಡೆ ಕಚ್ಚಿಕೊಳ್ಳುತ್ತೆ, ಮೈ ಬಿಲ್ಲಿನ ಹಾಗೆ ಬಾಗುತ್ತೆ. ಧನುಸ್ಸು ಅನ್ನೋ ಹೆಸರು ಬಂದದ್ದೇ ಹಾಗೆ.

"ಎಲ್ಲರೂ ಇಂಜೆಕ್ಷನ್ ಹಾಕಿಸ್ಕೊಂಡಿದ್ದಾರೆ, ನನಗ್ಯಾಕೆ?" ಅಂತ ಒಂದು ವಾದ ಬೇರೆ. ಇದು ಕೊರೊನಾ ಅಲ್ಲ. ಒಬ್ಬರಿಂದ ಒಬ್ಬರಿಗೆ ಹರಡಲ್ಲ, ಮಣ್ಣಿಂದ ನೇರ ನಿಮಗೇ ಬರುತ್ತೆ. ಪಕ್ಕದವನ ಲಸಿಕೆ ನಿಮ್ಮ ಕಾಲನ್ನ ಕಾಯಲ್ಲ. (ಬಿಕಾಂ ಭಾಷೇಲಿ: ಅವನ ಬ್ಯಾಲೆನ್ಸ್ ನಿಮ್ಮ ಅಕೌಂಟಿಗೆ ಬರಲ್ಲ.) ಒಮ್ಮೆ ರೋಗ ಬಂದು ಬದುಕಿದವರೂ ಲಸಿಕೆ ಹಾಕಿಸಲೇಬೇಕು, ಯಾಕಂದ್ರೆ ಈ ರೋಗ ಬಂದು ಹೋದ್ರೂ ರಕ್ಷಣೆ ಉಳಿಯಲ್ಲ.

ಲಸಿಕೆಯಿಂದ ಏನಾಗುತ್ತೆ ಅನ್ನೋರಿಗೆ: ಗರ್ಭಿಣಿಯರಿಗೆ ಇಂಜೆಕ್ಷನ್, ಶುಚಿಯಾದ ಹೆರಿಗೆ, ಇವೇ ಮುಖ್ಯವಾಗಿ. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆ ಸಾಧಿಸಿತು. ಹುಡುಗರ ಕಥೆ? ಸರ್ಕಾರಿ ಪಟ್ಟಿಯಲ್ಲಿ ಟಿಡಿ ಲಸಿಕೆ 10ಕ್ಕೆ, 16ಕ್ಕೆ ಇದೆ, ಅದೂ ಉಚಿತ. ಸೂಜಿ ಅಂದ ದಿನ ಸ್ಕೂಲಿಗೆ ಚಕ್ಕರ್ ಹೊಡೆದ ವೀರರು ಈಗ ಬರಿಗಾಲಲ್ಲಿ ರೀಲ್ಸ್ ಮಾಡ್ತಿದ್ದಾರೆ.

ನಿಮ್ಮ 16ರ ಡೋಸ್ ಆಗಿದೆಯಾ? ಮನೇಲಿ ಕೇಳಿ. ಯಾರಿಗೂ ನೆನಪಿಲ್ಲ ಅಂದ್ರೆ ಊರಿನ ಆಶಾ ಅಕ್ಕನನ್ನ ಕೇಳಿ. ಗಾಯ ಆಗೋವರೆಗೂ ಕಾಯಬೇಡಿ.