ಕಂತು ಬಂತು, ಬದುಕು ಬದಲಾಯಿತೇ?

ಬಡ ಹೆಂಗಸರಿಗೆ ಕಿರುಸಾಲ ಕೊಡುವವರ ಬಳಿ ಯಶಸ್ಸನ್ನು ಅಳೆಯುವ ತಕ್ಕಡಿ ಒಂದೇ: ಇಷ್ಟು ಕೋಟಿ ಹಂಚಿದೆವು, ಕಂತುಗಳೆಲ್ಲ ವಾಪಸು ಬಂದವು. ಆದರೆ ಆ ಕಂತು ಕಟ್ಟಿದ್ದು ವ್ಯಾಪಾರದ ಲಾಭದಿಂದಲೋ, ಕಿವಿಯ ಓಲೆ ಅಡವಿಟ್ಟೋ, ಇನ್ನೊಬ್ಬರ ಬಳಿ ಕೈಸಾಲ ಮಾಡಿಯೋ? 2025ರ ಫೆಬ್ರವರಿಯಲ್ಲಿ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸಾಲ ಸಿಕ್ಕವರನ್ನು ಸಿಗದವರ ಜೊತೆ ಹೋಲಿಸಿದರೆ ಸತ್ಯ ತಿಳಿಯುತ್ತದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಇದನ್ನೇ ಮಾಡಿದರು. 104 ಬಡ ಬಸ್ತಿಗಳಲ್ಲಿ ಚೀಟಿ ಎತ್ತಿದಂತೆ ಆರಿಸಿದ 52ಕ್ಕೆ ಮೊದಲು ಸಾಲ ಬಂತು. 2015ರಲ್ಲಿ ಪ್ರಕಟವಾದ ಫಲಿತಾಂಶವೇನು? ಕೆಲವು ವ್ಯಾಪಾರಗಳು ಬೆಳೆದವು; ಆದರೆ ಮನೆಗಳ ಸರಾಸರಿ ಖರ್ಚು ಏರಲಿಲ್ಲ, ಮನೆಯಲ್ಲಿ ಹೆಣ್ಣಿನ ಮಾತಿಗೆ ಬೆಲೆ ಹೆಚ್ಚಲಿಲ್ಲ.

ಹೋಲಿಕೆಯೂ ಅರ್ಧಕ್ಕೇ ನಿಂತರೆ ಅನ್ಯಾಯವೇ. 2005ರಲ್ಲಿ ಶ್ರೀಲಂಕಾದ ಸಣ್ಣ ವ್ಯಾಪಾರಿಗಳಿಗೆ 10,000 ಅಥವಾ 20,000 ರೂಪಾಯಿಯ ನೆರವು ಕೊಟ್ಟು ನೋಡಿದರು. ಗಂಡಸರ ಲಾಭ ಏರಿತು, ಹೆಂಗಸರದು ಏರಲಿಲ್ಲ. 'ಹೆಣ್ಣಿಗೆ ವ್ಯಾಪಾರ ಬರುವುದಿಲ್ಲ' ಎಂದು ಷರಾ ಬರೆಯಲು ಇನ್ನೇನು ಬೇಕು? ಬೇರೆ ಸಂಶೋಧಕರು ಅದೇ ಅಂಕಿಗಳನ್ನು ಮತ್ತೆ ಕೆದಕಿ 2019ರಲ್ಲಿ ತೋರಿಸಿದ್ದೇ ಬೇರೆ: ಅವಳ ಬಂಡವಾಳ ಗಂಡನ ವ್ಯಾಪಾರಕ್ಕೆ ಹೋಗಿತ್ತು. ಮನೆಯಲ್ಲಿ ಅವಳದೊಂದೇ ವ್ಯಾಪಾರವಿದ್ದಲ್ಲಿ ಲಾಭ ಚೆನ್ನಾಗಿಯೇ ಏರಿತ್ತು.

ಆದ್ದರಿಂದ ವಾರ್ಷಿಕ ವರದಿಗಳಲ್ಲಿ ಹಂಚಿದ ಕೋಟಿಗಳ ಪಕ್ಕ ಇನ್ನೆರಡು ಲೆಕ್ಕವಿರಲಿ: ಹಣ ಕೊನೆಗೆ ಯಾರ ವ್ಯಾಪಾರಕ್ಕೆ ಹೋಯಿತು? ಕಂತು ಯಾವ ಹಣದಿಂದ ಬಂತು? ಇದನ್ನು ಬರೆಯದವರಿಗೆ 'ಮಹಿಳಾ ಸಬಲೀಕರಣ'ದ ಮಾತಾಡುವ ಹಕ್ಕಿಲ್ಲ.