ಲಾಲಿಯೂ ಕೋಲಾಟವೂ ಒಂದೇ ಜೋರಿನಲ್ಲೇ?

ಕಳೆದ ವರ್ಷ ನಮ್ಮ ಮಹಿಳಾ ಮಂಡಳಿಯವರೆಲ್ಲ ಸೇರಿ ಹಾಡಿನ ಆಲ್ಬಮ್ ಮಾಡಿದೆವು. ನಾಟಿಯ ಪದ, ಸೋಬಾನೆ, ಹಸೆಗೆ ಕರೆಯುವ ಹಾಡು, ಕೋಲಾಟ, ಹೀಗೆ ಎಂಟು ಹಾಡು. ಕೊನೆಯದು ನಮ್ಮತ್ತೆಯ ಲಾಲಿ. ಅತ್ತೆಗೆ ಈಗ 78. ಕಳಸದ ಕಡೆಯ ತವರಿನಿಂದ ಬಂದ ಹಾಡು ಅದು. ನನ್ನ ಮಕ್ಕಳಿಬ್ಬರೂ ಅದನ್ನು ಕೇಳುತ್ತಲೇ ನಿದ್ದೆ ಹೋದವರು. ಧ್ವನಿಮುದ್ರಣ ಮೂಡಿಗೆರೆಯ ನಮ್ಮ ಮನೆಯ ಹಜಾರದಲ್ಲೇ ಆಯಿತು. ಕೊನೆಯ ಹದಕ್ಕೆ, ಅವರ ಭಾಷೆಯಲ್ಲಿ ಮಾಸ್ಟರಿಂಗ್‌ಗೆ, ಬೆಂಗಳೂರಿನ ಒಂದು ಸ್ಟುಡಿಯೋಗೆ ಕಳಿಸಿದೆವು.

ಪೆನ್‌ಡ್ರೈವ್ ಬಂದ ಸಂಜೆ ಎಲ್ಲರೂ ಕೂತು ಕೇಳಿದೆವು. ಕೋಲಾಟ ಚೆನ್ನಾಗಿತ್ತು. ಅದು ಮುಗಿದು ಲಾಲಿ ಶುರುವಾದದ್ದೇ ತಡ, ಅತ್ತೆ ಬೆಚ್ಚಿ ನನ್ನ ಮುಖ ನೋಡಿದರು. ಕೋಲು ಹಿಡಿದ ಅಷ್ಟೂ ಹೆಂಗಸರ ಜೋರನ್ನು ಒಬ್ಬ ಮುದುಕಿಯ ಗಂಟಲಿಗೆ ತುಂಬಿದಂತಿತ್ತು. ಉಸಿರು ಕಮ್ಮಾರನ ತಿದಿಯ ಹಾಗೆ ಕೇಳುತ್ತಿತ್ತು. ಹಿತ್ತಲಿನ ಜೀರುಂಡೆಗಳೆಲ್ಲ ಒಳಗೆ ಬಂದು ಕೂತಿದ್ದವು.

“ಇದೆಂತದು ಮಾರಾಯ್ತಿ, ಮಲಗಿದ ಮಗು ಎದ್ದು ಕೂರ್ತದೆ,” ಎಂದರು ಅತ್ತೆ.

ಮರುದಿನ ಸ್ಟುಡಿಯೋದ ಹುಡುಗನಿಗೆ ಫೋನ್ ಮಾಡಿದೆ. ಪಾಪ, ಒಳ್ಳೆಯ ಹುಡುಗನೇ. “ಮೇಡಂ, ಎಂಟೂ ಹಾಡನ್ನ ಕರೆಕ್ಟಾಗಿ ಮೈನಸ್ ಒಂಬತ್ತಕ್ಕೆ ತಂದಿದೀನಿ. ಎಲ್ಲಾ ಸಮ ಇದೆ. ಬೇಕಾದ್ರೆ ಮೀಟರ್ ನೋಡಿ,” ಎಂದ. ನನ್ನ ಜಗಳ ಇರುವುದು ಆ ‘ಸಮ’ದ ಜೊತೆಗೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು, ವಿಜ್ಞಾನ ಓದಿದವಳಲ್ಲ. ಆದರೂ ಹಟ ಹಿಡಿದು ಕೇಳಿ, ಓದಿ ತಿಳಿದುಕೊಂಡೆ. ಅವನು ಹೇಳಿದ ಅಳತೆಗೆ ಎಲ್‌ಯುಎಫ್‌ಎಸ್ ಎನ್ನುತ್ತಾರೆ. ಒಂದು ಹಾಡು ಮೊದಲಿನಿಂದ ಕೊನೆಯವರೆಗೆ ಒಟ್ಟಾರೆ ಎಷ್ಟು ಜೋರು ಎಂಬುದರ ಲೆಕ್ಕ ಅದು. ಮೈನಸ್ ಇರುವುದರಿಂದ 9 ಎಂದರೆ 14ಕ್ಕಿಂತ ಜೋರು. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಈ ಅಳತೆಯ ಕ್ರಮ ಗೊತ್ತುಮಾಡಿತು. 2010ರಲ್ಲಿ ಯುರೋಪಿನ ಪ್ರಸಾರಕರು ಮೈನಸ್ 23 ಎಂಬ ಮಟ್ಟವನ್ನು ತಮಗೆ ಹಾಕಿಕೊಂಡರು. ಅದು ಬೇಕಾಗಿಯೇ ಇತ್ತು. ಧಾರಾವಾಹಿಯಲ್ಲಿ ಸೊಸೆ ಮೆಲ್ಲಗೆ ಅಳುತ್ತಿರುವಾಗ ಸೋಪಿನ ಜಾಹೀರಾತು ಬಂದು ಕಿರುಚುವುದು, ನಾವು ಒಗ್ಗರಣೆ ಬಿಟ್ಟು ರಿಮೋಟಿಗೆ ಓಡುವುದು ನಿಮಗೇನು ಹೊಸದೇ? ಆ ರಂಪಾಟಕ್ಕೆ ಮದ್ದಾಗಿ ಬಂದ ಅಳತೆಯನ್ನು ಒಂದೇ ಆಲ್ಬಮ್ಮಿನ ಲಾಲಿಗೂ ಕೋಲಾಟಕ್ಕೂ ಹಾಕಿದರೆ ಹೇಗೆ? ನಮ್ಮ ಕಾಫಿ ಬೀಜವನ್ನು ಜರಡಿ ಹಿಡಿದು ಗಾತ್ರದ ಮೇಲೆ ಬೇರೆ ಮಾಡುತ್ತಾರೆ. ಹಾಗೆಂದು ಒಂದೇ ಜರಡಿಯಲ್ಲಿ ನಿಂತ ಅರೇಬಿಕಾ, ರೋಬಸ್ಟಾ ಎರಡರ ರುಚಿಯೂ ಒಂದೇ ಎಂದು ಯಾವ ಬೆಳೆಗಾರನೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಮೀಟರಿನಲ್ಲಿ ಸಮ ಬಂದದ್ದು ಕಿವಿಗೆ ಸಮವಲ್ಲ. ಕೋಲಾಟದಲ್ಲಿ ಕೋಲಿನ ಏಟಿದೆ, ತಾಳವಿದೆ, ಮದ್ದಳೆಯಿದೆ. ಜೋರೆಲ್ಲ ಅವುಗಳಲ್ಲಿ ಹಂಚಿಹೋಗಿ ಹಾಡುವವರ ಗಂಟಲು ಸ್ವಲ್ಪ ಹಿಂದೆ ನಿಲ್ಲುತ್ತದೆ. ಲಾಲಿಯಲ್ಲಿ ಇರುವುದೇ ಒಂದು ಗಂಟಲು. ಅದಕ್ಕೂ ಅಷ್ಟೇ ಅಂಕಿ ಕೊಟ್ಟರೆ ಆ ಗಂಟಲು ಬೆಟ್ಟದಷ್ಟಾಗುತ್ತದೆ. ಅತ್ತೆ ಹಾಡಿದ್ದು ಮೈನಸ್ 20ರ ಆಸುಪಾಸಿನಲ್ಲಿತ್ತಂತೆ. ಅಂದರೆ 11 ಡೆಸಿಬೆಲ್ ಏರಿಸಿದ್ದಾನೆ. 10 ಏರಿದರೇ ನಮ್ಮ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಹೀಗೆ ಏರಿಸುವಾಗ ದನಿಯ ತುದಿಗಳು ತಲೆಗೆ ತಾಗದಂತೆ ಲಿಮಿಟರ್ ಹಾಕಿ ಒತ್ತಿಬಿಡುತ್ತಾರೆ. ತುದಿ ತಗ್ಗುತ್ತದೆ, ತಳ ಮೇಲೆ ಬರುತ್ತದೆ. ಆ ತಳದಲ್ಲಿದ್ದದ್ದೇ ಅತ್ತೆಯ ಉಸಿರು ಮತ್ತು ಜೀರುಂಡೆ.

ಕ್ಯಾಸೆಟ್ಟಿನ ಕಾಲದಲ್ಲಿ ಜೋರಿಗೆ ಒಂದು ಕಾರಣವಾದರೂ ಇತ್ತು. ಟೇಪಿಗೇ ಒಂದು ಸುಯ್ ಎನ್ನುವ ಸದ್ದು. ಮೆತ್ತಗೆ ತುಂಬಿಸಿದರೆ ಹಾಡು ಅದರಲ್ಲಿ ಮುಳುಗುತ್ತಿತ್ತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಅಂಥ ಕ್ಯಾಸೆಟ್ಟುಗಳನ್ನು ಈ ಬದಿ ಮುಗಿಸಿ ಆ ಬದಿ ತಿರುಗಿಸಿ ಸಾಲಾಗಿ ಕೇಳಿದವರು ನಾವು. ಈಗ ಡಿಜಿಟಲ್ ಬಂತು, ಆ ಸುಯ್ ಹೋಯಿತು. ಮೆಲ್ಲಗೆ ಹಾಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ನಡೆದದ್ದು ತಿರುಗುಮುರುಗು. 2008ರಲ್ಲಿ ಅಮೆರಿಕದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಜೋರು ಅತಿಯಾಗಿ ದನಿಯೇ ಒಡೆದಿದೆ ಎಂದು ಅವರ ಅಭಿಮಾನಿಗಳೇ ಗಲಾಟೆ ಮಾಡಿದರು. ಅಬ್ಬರಕ್ಕೆಂದೇ ಹಾಡು ಕೇಳುವವರಿಗೂ ಸಾಕಾಯಿತು ಎಂದರೆ ನೋಡಿ.

ನಮ್ಮ ಖಜಾಂಚಿ ಹುಡುಗನ ಪಕ್ಷ. “ಅಲ್ಲ ಟೀಚರ್, ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕೇಳಬೇಡವೇ? ಮೆತ್ತಗಿದ್ದರೆ ಹಾಳಾಗಿದೆ ಅಂತಾರೆ ಜನ,” ಎನ್ನುತ್ತಾರೆ. ಬಸ್ಸಿನಲ್ಲಿ ಕೇಳದಿದ್ದರೆ ಜೋರು ಮಾಡಿಕೊಳ್ಳಲು ಗುಂಡಿ ಇದೆ. ಒತ್ತಿ ಚಪ್ಪಟೆ ಮಾಡಿದ ಹಾಡನ್ನು ಮತ್ತೆ ಎಬ್ಬಿಸಲು ಯಾವ ಗುಂಡಿಯೂ ಇಲ್ಲ. ಅದೂ ಅಲ್ಲದೆ ಸ್ಪಾಟಿಫೈಯಂಥವು ಹಾಡುಗಳನ್ನು ಮೈನಸ್ 14ರ ಹತ್ತಿರಕ್ಕೆ ತಾವೇ ತಂದುಕೊಳ್ಳುತ್ತವೆ. ಮೈನಸ್ 9ಕ್ಕೆ ಹಿಂಡಿದ್ದನ್ನು ಅಲ್ಲಿ 5 ಇಳಿಸುತ್ತಾರೆ. ಜೋರೂ ಹೋಯಿತು, ಹಾಡೂ ಹೋಯಿತು. ಆಲ್ಬಮ್ಮನ್ನು ಸಾಲಾಗಿ ಹಾಕಿದರೆ ಹಾಡು ಹಾಡಿನ ನಡುವಿನ ಏರಿಳಿತವನ್ನು ಸ್ಪಾಟಿಫೈ ಹಾಗೇ ಉಳಿಸುತ್ತದಂತೆ. ಯಂತ್ರಕ್ಕೇ ಇಷ್ಟು ತಿಳಿವಳಿಕೆ ಬಂದಿದೆ!

ಖಜಾಂಚಿಯವರ ಒಂದು ಮಾತು ಮಾತ್ರ ಒಪ್ಪುತ್ತೇನೆ. ಪ್ರತಿ ಹಾಡಿಗೂ ಕೈ ಗುಂಡಿಗೆ ಹೋಗುವಂತಿದ್ದರೆ ಅದೂ ತಪ್ಪೇ. ಅದಕ್ಕೇ ಹುಡುಗನಿಗೆ ಹೇಳಿದೆ: “ಮೀಟರ್ ಮುಚ್ಚಿಡಪ್ಪ. ಎಲ್ಲಕ್ಕಿಂತ ಜೋರಿನ ಕೋಲಾಟವನ್ನು ಮೊದಲು ಹದಕ್ಕೆ ತಾ. ಒಂದು ಹಾಡಿನ ಕೊನೆಯ ಹತ್ತು ಸೆಕೆಂಡು, ಮುಂದಿನದರ ಮೊದಲ ಹತ್ತು ಸೆಕೆಂಡು ಒಟ್ಟಿಗೆ ಕೇಳು. ಹಾಡಿನ ಒಟ್ಟು ಜೋರು ನೋಡಬೇಡ, ಹಾಡುವವರ ಗಂಟಲು ಹಿಡಿ. ಸಣ್ಣ ದನಿಯಲ್ಲಿಟ್ಟು ಪಕ್ಕದ ಕೋಣೆಯಿಂದ ಇನ್ನೊಮ್ಮೆ ಕೇಳು.” ಅವನು ನಕ್ಕ. “ಜೋರಿದ್ರೇ ಎಲ್ಲರಿಗೂ ಚೆನ್ನಾಗಿ ಕಾಣೋದು ಮೇಡಂ,” ಎಂದ. ನಿಜವೇ. ಎರಡನ್ನು ಪಕ್ಕಪಕ್ಕ ಕೇಳಿಸಿದರೆ ಒಂದು ಕೂದಲೆಳೆ ಜೋರಿರುವುದನ್ನೇ ಕಿವಿ ಮೆಚ್ಚುತ್ತದೆ. ಅದಕ್ಕೇ ಅಲ್ಲವೇ ಎಚ್ಚರ ಬೇಕಾದದ್ದು?

ನನಗೆ ಸಿಟ್ಟು ಬರಲು ಇನ್ನೂ ಒಂದು ಕಾರಣವಿದೆ. ಅತ್ತೆ ಸೊಸೆಯಾಗಿ ಈ ಮನೆಗೆ ಬಂದಾಗ ಹಜಾರದಲ್ಲಿ ಗಂಡಸರಿದ್ದರೆ ದನಿ ಎತ್ತುವಂತಿರಲಿಲ್ಲ. ಅಡುಗೆ ಮನೆಯ ಹೊಸ್ತಿಲು ದಾಟದ ಹಾಗೆ ಹಾಡಿಕೊಂಡೇ ಐದು ಮಕ್ಕಳನ್ನು ಮಲಗಿಸಿದವರು. ಆ ಸಣ್ಣ ದನಿಯಲ್ಲೇ ಅವರು ತಮ್ಮದೊಂದು ಬನಿ ಕಂಡುಕೊಂಡರು. ಅವತ್ತು ಮೆಲ್ಲಗೆ ಎಂದರು, ಇವತ್ತು ಜೋರಾಗಿ ಎನ್ನುತ್ತಾರೆ. ಎಷ್ಟು ದನಿಯಲ್ಲಿ ಹಾಡಬೇಕು ಎಂದು ಅವರನ್ನೇ ಕೇಳಿದವರು ಯಾರೂ ಇಲ್ಲ.

ಎರಡನೇ ಸಲ ಮಾಡಿಸಲು ಮತ್ತೆ ದುಡ್ಡು ಕೊಟ್ಟೆವು; ಖಜಾಂಚಿ ಇನ್ನೂ ಮುಖ ಗಂಟಿಕ್ಕಿದ್ದಾರೆ. ಈ ಸಲ ಲಾಲಿ ಕೋಲಾಟಕ್ಕಿಂತ 6 ಕೆಳಗಿದೆ. ಜೀರುಂಡೆಗಳು ಹಿತ್ತಲಿಗೆ ಹೋಗಿವೆ. ಕಡತ ಬಂದ ದಿನ ಆಷಾಢದ ಮಳೆ. ಜಗಲಿಯಲ್ಲಿ ಹಾಕಿದೆ. ಕೋಲಾಟವೇನೋ ಕೇಳಿತು, ಲಾಲಿ ಹೆಂಚಿನ ಮೇಲಿನ ಸದ್ದಿಗೆ ಪೂರ್ತಿ ಮುಳುಗಿಹೋಯಿತು. ನನಗೇ ನಾಚಿಕೆಯಾಗಿ ಗುಂಡಿಗೆ ಕೈ ಹಾಕಿದೆ.

“ಇರಲಿ ಬಿಡೆ,” ಎಂದರು ಅತ್ತೆ. “ಮಳೆ ಹೊಳವಾದ ಮೇಲೆ ಹಾಕು.”