ಡೀಸಿ ಆಗ್ಲಿಲ್ವಾ?

ಮೊನ್ನೆ ನನ್ನ ಹಳೇ ರೂಮ್‌ಮೇಟ್ ಫೋನ್ ಮಾಡಿದ್ದ. ಕೆಲಸ ಬಿಟ್ಟು, ಬೆಂಗಳೂರಿನ ವಿಜಯನಗರದ ಒಂದು ಪಿಜಿಯಲ್ಲಿ ವರ್ಷಗಟ್ಟಲೆ ಕೂತು ಓದಿ, ನಾಲ್ಕನೇ ಸಲಕ್ಕೆ ಯುಪಿಎಸ್‌ಸಿ ಸಿವಿಲ್ ಸರ್ವೀಸಸ್ ಪಾಸಾದವನು. ಕುಣೀತಿರ್ತಾನೆ ಅಂದ್ಕೊಂಡ್ರೆ ದನಿಯಲ್ಲಿ ಉಸಿರೇ ಇಲ್ಲ.

"ಆಡಿಟ್ ಸಿಕ್ಕಿದೆ ಕಣೋ. ಊರಲ್ಲಿ ಎಲ್ರೂ 'ಹಾಗಾದ್ರೆ ಡೀಸಿ ಆಗ್ಲಿಲ್ವಾ?' ಅಂತಾರೆ. ಅಮ್ಮಂಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ."

"ಸರಿ, ಆಡಿಟ್‌ನಲ್ಲಿ ಏನು ಕೆಲಸ ಇರುತ್ತೆ, ನೀನೇ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನಂಗೂ ಪೂರ್ತಿ ಗೊತ್ತಿಲ್ಲ ಮಾರಾಯ. ಯಾವ ಸೇವೆ ಮೊದಲು, ಯಾವುದು ಆಮೇಲೆ ಅಂತ ಬರೆದುಕೊಡುವಾಗ ಪಕ್ಕದವನು ಬರೆದಂಗೇ ಬರ್ದೆ" ಅಂದ!

ಮೊದಲು ನಗು ಬಂತು. ಆಮೇಲೆ ಬೇಜಾರಾಯ್ತು. ಯೋಚಿಸಿದರೆ ತಪ್ಪು ಅವನೊಬ್ಬನದೇ ಅಲ್ಲ. ನಮ್ಮ ಕಡೆ ಯುಪಿಎಸ್‌ಸಿ ಅಂದ್ರೆ ಐಎಎಸ್, ಐಎಎಸ್ ಅಂದ್ರೆ ಡೀಸಿ, ಡೀಸಿ ಅಂದ್ರೆ ಸರ್ಕಾರಿ ಕಾರು. ಅಲ್ಲಿಗೆ ಮುಗೀತು.

ಲೆಕ್ಕ ನೋಡಿ. 2024ರ ಪರೀಕ್ಷೆಯ ಅಂತಿಮ ಪಟ್ಟಿ 2025ರ ಏಪ್ರಿಲ್‌ನಲ್ಲಿ ಬಂದಾಗ ಅದರಲ್ಲಿ 1009 ಹೆಸರಿತ್ತು. ಐಎಎಸ್ ಹುದ್ದೆಗಳು 180. ಅಂದ್ರೆ ಪಾಸಾದವರಲ್ಲಿ ಐದಕ್ಕೆ ನಾಲ್ಕು ಜನ ಐಎಎಸ್ ಆಗುವುದೇ ಇಲ್ಲ. ವಿದೇಶಾಂಗ, ಪೊಲೀಸ್, ಆದಾಯ ತೆರಿಗೆ, ಕಸ್ಟಮ್ಸ್, ಆಡಿಟ್, ಅಂಚೆ, ರಕ್ಷಣಾ ಭೂಮಿ ನೋಡಿಕೊಳ್ಳುವ ಸೇವೆ... ಹೀಗೆ ಇಪ್ಪತ್ತರ ಆಸುಪಾಸು ಸೇವೆಗಳಿಗೆ ಇದೊಂದೇ ಪರೀಕ್ಷೆ. ಬೆಳಗಾವಿ ಕಂಟೋನ್ಮೆಂಟ್ ಬೋರ್ಡಿನಂಥ ಕಡೆ ಸಿಇಓ ಆಗುವವರೂ ಇಲ್ಲಿಂದಲೇ ಹೋಗುತ್ತಾರೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹೋಗಲಿ, ಐಎಎಸ್ ಆದವರ ಕೆಲಸವಾದರೂ ಗೊತ್ತಾ? ಕರ್ನಾಟಕ ಕೇಡರ್‌ಗೆ ಬಂದವರು ಶುರುವಿನಲ್ಲೇ ಡೀಸಿ ಕುರ್ಚಿಯಲ್ಲಿ ಕೂರಲ್ಲ. ಮೊದಲು ಉಪವಿಭಾಗಕ್ಕೆ ಎಸಿ ಆಗ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಅಣ್ಣ ತಮ್ಮನ ಪಾಲು ಬಿಟ್ಟು ಖಾತೆ ಮಾಡಿಸಿದ್ದಾನೆ ಅನ್ನುವ ಮೇಲ್ಮನವಿಗಳ ರಾಶಿ ಮುಂದಿರುತ್ತೆ. ಆಸ್ತಿ ಬರೆಸಿಕೊಂಡ ಮಗ ಊಟ ಹಾಕ್ತಿಲ್ಲ ಅಂತ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಬರುವ ವಯಸ್ಸಾದ ಅಪ್ಪ ಅಮ್ಮಂದಿರ ದೂರು ಕೇಳುವುದೂ ಇವರೇ. ದೊಡ್ಡ ಕೆಲಸವೇ. ಆದರೆ ನಾವು ಕನಸಿನಲ್ಲಿ ಕಾಣುವ ಕೆಲಸ ಇದಲ್ಲ.

ಈಗ ನನ್ನ ಗೆಳೆಯನ ಆಡಿಟ್‌ಗೆ ಬರೋಣ. ಸಿಎಜಿ ಕೈಕೆಳಗಿನ ಸೇವೆ, ಟ್ರೈನಿಂಗ್ ಶಿಮ್ಲಾದಲ್ಲಿ. ಸರ್ಕಾರ ದುಡ್ಡು ಹೇಗೆ ಖರ್ಚು ಮಾಡಿತು, ನಿಯಮದಂತೆ ಆಯ್ತಾ, ಉದ್ದೇಶ ಈಡೇರಿತಾ ಅಂತ ನೋಡಿ ವರದಿ ಬರೆಯೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ಕಾರದ ಟೆಸ್ಟಿಂಗ್ ಟೀಮ್ :) ಕಂಪನಿಯಲ್ಲೂ ಹಾಗೇ ಅಲ್ವಾ, ಡೆವಲಪರ್‌ಗೆ ಹಾರ, ಟೆಸ್ಟರ್‌ಗೆ ಬೈಗುಳ. ಆದ್ರೆ ಬಗ್ ಹಿಡಿಯೋರು ಇಲ್ಲದಿದ್ರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು.

2010ರ 2ಜಿ ವರದಿ ನೆನಪಿದೆಯಲ್ಲ? 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ವರದಿಯಲ್ಲಿದ್ದ 1.76 ಲಕ್ಷ ಕೋಟಿಯ ಅಂದಾಜಿನ ಬಗ್ಗೆ ಜಗಳ ಇನ್ನೂ ನಿಂತಿಲ್ಲ. ಒಂದು ಅಂಕಿ ಬರೆಯೋದಕ್ಕೆ ಎಷ್ಟು ಜವಾಬ್ದಾರಿ ಬೇಕು ನೋಡಿ! ಇದು ಸಣ್ಣ ಕೆಲಸವಾ?

ಅಷ್ಟು ದೂರ ಯಾಕೆ, ಸರ್ಕಾರಿ ಶಾಲೆಯ ಮೇಷ್ಟ್ರು ರಿಟೈರ್ ಆದ ಮನೆಯಲ್ಲಿ ಕೇಳಿ. "ಏಜಿ ಆಫೀಸಿನಿಂದ ಪೆನ್ಷನ್ ಪೇಪರ್ ಬಂತಾ?" ಅನ್ನೋ ಮಾತು ಕೇಳದ ಮನೆಯೇ ಇರಲಿಕ್ಕಿಲ್ಲ. ಆ ಏಜಿ, ಅಂದ್ರೆ ಅಕೌಂಟೆಂಟ್ ಜನರಲ್, ಇದೇ ಸೇವೆಯವರು. ನಾನು ಗೆಳೆಯನಿಗೆ ಹೇಳಿದ್ದೂ ಅದನ್ನೇ. "ಅಮ್ಮಂಗೆ ಹೇಳು, ಮೇಷ್ಟ್ರಿಗೆಲ್ಲ ಪೆನ್ಷನ್ ಮಂಜೂರು ಮಾಡ್ತಾರಲ್ಲ, ಆ ಆಫೀಸಿಗೇ ಒಂದಿನ ಸಾಹೇಬ ಆಗ್ಬಹುದು ಅಂತ." ಆಗ ನಕ್ಕ.

ಡೀಸಿಗೆ ಇರೋ ಅಧಿಕಾರ ಬೇರೆಯವರಿಗಿಲ್ಲ, ಜನರ ಕೆಲಸ ನೇರವಾಗಿ ಮಾಡ್ಬಹುದು ಅಂತ ನೀವು ಹೇಳಬಹುದು. ಒಪ್ತೀನಿ. ಅದಕ್ಕಾಗಿಯೇ ಐಎಎಸ್ ಬೇಕು ಅನ್ನುವವನು ಖಂಡಿತ ಬರೀಲಿ. ನನ್ನ ತಕರಾರು, ಕೆಲಸ ಏನು ಅಂತ ತಿಳಿಯದೆ ಹೆಸರಿಗೆ ಆಸೆಪಡುವುದರ ಮೇಲೆ. ಜನರಲ್ ಕೆಟಗರಿಯವರಿಗೆ ಇರೋದು ಆರು ಅವಕಾಶ. ಪ್ರಾಯದ ಆರು ವರ್ಷ! ಒಂದು ಮೊಬೈಲ್ ಕೊಳ್ಳೋಕೆ ಹತ್ತು ರಿವ್ಯೂ ಓದುವ ನಾವು, ಮೂವತ್ತು ವರ್ಷ ಮಾಡಬೇಕಾದ ಕೆಲಸದ ಬಗ್ಗೆ ಪಕ್ಕದವನ ಹಾಳೆ ನೋಡಿ ಬರೀತೀವಿ.

ಇನ್ನೊಂದು ಮಾತು. ಇಂಜಿನಿಯರುಗಳಿಗೇ ಅಂತ ಯುಪಿಎಸ್‌ಸಿ ಇಂಜಿನಿಯರಿಂಗ್ ಸರ್ವೀಸಸ್ ಪರೀಕ್ಷೆಯನ್ನೂ ಬೇರೆ ನಡೆಸುತ್ತೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದರೂ ನನ್ನ ಕಾಲೇಜಿನಲ್ಲಿ ಅದರ ಹೆಸರನ್ನ ಒಬ್ಬರೂ ಎತ್ತಲಿಲ್ಲ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಓದ್ತಾ ಕೂತಿದ್ರೆ "ಯಾವಾಗ ಡೀಸಿ ಆಗ್ತೀಯ?" ಅಂತ ಕೇಳಬೇಡಿ. "ನಿಂಗೆ ಯಾವ ಕೆಲಸ ಇಷ್ಟ?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ, ಹುಡುಕೋಕೆ ಅದೇ ಒಳ್ಳೇ ಸಮಯ.

ನೀವೇನಂತೀರಿ?